ಬಾರ್ಸಿಲೋನಾದಲ್ಲಿ ಒಂದು ‘ಇಲ್ಲೆ’

ಮನುಷ್ಯನ ಆತ್ಮಕ್ಕೆ ಸತ್ಯದ ಹಸಿವಿದೆ, ಎಷ್ಟು ಬಚ್ಚಿಟ್ಟರೂ ಅದು ಒಂದು ದಿನ ಹೊರಗೆ ಬಂದೇ ತೀರುತ್ತದೆ — ಎಂದು ಯಲ್ಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿ ನಿವೃತ್ತಿಯವರೆಗೂ ಪಾಠ ಹೇಳಿದೆ. ನನ್ನ ಆತ್ಮಕ್ಕಂತೂ ಆರು ವರ್ಷ ಹೊಟ್ಟೆ ತುಂಬಿಯೇ ಇತ್ತು. ಬಾರ್ಸಿಲೋನಾದಲ್ಲಿ ವ್ಯಾನಿಗೆ ಬೀಗ ಹಾಕದೆ ಹೋದವನು ನಾನು. ಕಳ್ಳ ಅನ್ನಿಸಿಕೊಂಡವನು ಇರ್ಫಾನ್. ನಾನು ಬಾಯಿ ಬಿಟ್ಟಿದ್ದರೆ — ಆದರೆ ಬಿಡಲಿಲ್ಲ.

ಚನ್ನಪ್ಪ ನಮ್ಮ ಶಾಲೆಯ ಡ್ರಿಲ್ ಮಾಸ್ತರ, ಬನವಾಸಿ ಕಡೆಯವ. ಯಲ್ಲಾಪುರದಲ್ಲಿ ಒಂದೇ ಮನೆಯ ಎರಡು ಭಾಗಗಳಲ್ಲಿ ಬಾಡಿಗೆಗಿದ್ದವರು ನಾವು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಮಗಳು ಗಿರಿಜಾ ಒಬ್ಬಳೇ. ಅವಳು ಫ್ರಾನ್ಸಿನಲ್ಲಿ ದ್ರಾಕ್ಷಿ ಬಳ್ಳಿಯ ರೋಗಗಳ ಮೇಲೆ ಸಂಶೋಧನೆಗೆಂದು ಹೋದಳು. ಅಲ್ಲಿಯೇ ಒಂದು ಗ್ಯಾರೇಜಿನಲ್ಲಿ ಇಂಜಿನ್ ಕೆಲಸಕ್ಕಿದ್ದ ಇರ್ಫಾನನನ್ನು ಮದುವೆಯಾಗುತ್ತೇನೆ ಎಂದಳು. ಇರ್ಫಾನ್ ಶಿರಸಿಯವ, ಲಾರಿ ಮನೆತನ. ಚನ್ನಪ್ಪ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಕೊನೆಗೆ ಮಗಳೇ ದಾರಿ ಹುಡುಕಿದಳು — ಅಪ್ಪಾ, ಇಲ್ಲಿಗೆ ಬಾ, ಒಂದು ವಾರ ಒಂದೇ ವ್ಯಾನಿನಲ್ಲಿ ಸ್ಪೇನ್ ತಿರುಗೋಣ, ಹುಡುಗನನ್ನು ಹತ್ತಿರದಿಂದ ನೋಡು, ಆಮೇಲೆ ಹೇಳು.

“ಹೆಗಡೇರ, ನೀವೂ ಬರ್ರಿ,” ಎಂದ ಚನ್ನಪ್ಪ. “ನನಗ ಮನಷ್ಯಾರ ಗುರ್ತು ಹತ್ತಂಗಿಲ್ಲ. ನೀವು ಪೇಪರ್ ತಿದ್ದಿದವ್ರು.”

ಹೀಗೆ ನಾನು ಪರೀಕ್ಷಕನ ಘನತೆಯಿಂದ ಯುರೋಪಿಗೆ ಹೋದೆ. ವಿಮಾನದಲ್ಲಿ ಚನ್ನಪ್ಪ ಬಗಲಚೀಲ ಬಿಚ್ಚಿ ಒಂದು ಬಟ್ಟೆಯ ಗಂಟು ತೋರಿಸಿದ್ದ. ಹೆಂಡತಿಯ ಚಿನ್ನದ ಬೋರಮಾಳ ಸರ. “ಹೂಂ ಅಂದ ದಿನಾನ ಇದನ್ನ ಮಗಳ ಕೊಳ್ಳಾಗ ಹಾಕಾವ,” ಎಂದ.

ಕ್ಯಾಂಪರ್ ವ್ಯಾನ್ ಎಂಬುದು ಮನೆಯೂ ಅಲ್ಲ, ಗಾಡಿಯೂ ಅಲ್ಲ. ಮಲಗುವುದು, ಬೇಯಿಸುವುದು, ಉಳಿದದ್ದು, ಎಲ್ಲ ಅದರೊಳಗೇ. ಒಲೆಗೂ ಪಾಯಿಖಾನೆಗೂ ನಡುವೆ ಒಂದು ತೆಳು ಹಲಗೆ. ನಮ್ಮ ಕಾನಸೂರಿನ ಹಿರಿಯರು ಯಾರಾದರೂ ನೋಡಿದ್ದರೆ ಅಲ್ಲೇ ಎಳ್ಳುನೀರು ಬಿಡುತ್ತಿದ್ದರು. ಇರ್ಫಾನ್ ಮೊದಲ ದಿನವೇ, ನಾನು ಕೇಳುವ ಮೊದಲೇ, ಒಂದು ಹೊಸ ಪಾತ್ರೆ ತಂದು ತೆಗೆದಿಟ್ಟ. “ಸರ್, ಇದು ನಿಮ್ಮ ಚಾಕ್ಕೆ ಮಾತ್ರ. ಇದ್ರಲ್ಲಿ ಮೊಟ್ಟೆ-ಗಿಟ್ಟೆ ಏನೂ ಹಾಕಿಲ್ಲ.” ನಾನು ಮನಸ್ಸಿನಲ್ಲಿಯೇ ನೂರಕ್ಕೆ ಎಂಬತ್ತು ಕೊಟ್ಟೆ. ಇಪ್ಪತ್ತು ಯಾಕೆ ಕಳೆದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಬಾರ್ಸಿಲೋನಾದಲ್ಲಿ ಕಡಲ ಹತ್ತಿರದ ಬೀದಿಯಲ್ಲಿ ವ್ಯಾನ್ ನಿಲ್ಲಿಸಿದೆವು. ಗಿರಿಜಾ ಅಪ್ಪನನ್ನು ಕರೆದುಕೊಂಡು, ನೂರು ವರ್ಷ ದಾಟಿದರೂ ಕಟ್ಟಿ ಮುಗಿಯದ ಚರ್ಚೊಂದನ್ನು ತೋರಿಸಲು ಹೋದಳು. ಇರ್ಫಾನ್ ಖಾಲಿಯಾದ ಗ್ಯಾಸ್ ಸಿಲಿಂಡರ್ ಹೊತ್ತು ಹೊರಟ. “ಸರ್, ಹೊರಗೆ ಇಳಿದ್ರೆ ಬೀಗ ಹಾಕಿ. ಇಲ್ಲಿ ವ್ಯಾನಿಗೇ ಕಣ್ಣಿಡ್ತಾರೆ,” ಎಂದು ಕೀಲಿಯನ್ನು ನನ್ನ ಕೈಗೇ ಕೊಟ್ಟ. ನನಗೆ ಮೊಣಕಾಲು ನೋವು. ಅಂದರೆ, ನೋವು ಎಂದು ಹೇಳಿದ್ದೆ.

ಇನ್ನು ಬರೆಯುವುದಕ್ಕೆ ಕೈ ಹಿಂಜರಿಯುತ್ತದೆ. ಕಡಲು ನೋಡಲು ಹೋದೆ ಎಂದು ಹೇಳಬಹುದು. ಕಡಲು ದೇವಿಮನೆ ಘಟ್ಟ ಇಳಿದರೆ ಕುಮಟೆಯಲ್ಲೂ ಇದೆ. ಆ ಊರಿನ ದಂಡೆಯ ಮೇಲೆ ಹೆಂಗಸರು ಬಟ್ಟೆಯ ಹಂಗಿಲ್ಲದೆ ಬಿಸಿಲು ಕಾಯುತ್ತಾರೆ ಎಂದು ಎಲ್ಲಿಯೋ ಓದಿದ್ದೆ. ಹೌದೋ ಅಲ್ಲವೋ ಎಂದು ಪರಿಶೀಲಿಸುವ — ಬೇಡ, ನೋಡಲು ಹೋದೆ. ನೀತಿಪಾಠದ ಮಾಸ್ತರ, ಪ್ಯಾಂಟಿನ ಕಾಲು ಮಡಚಿಕೊಂಡು, ಕಳ್ಳ ಹೆಜ್ಜೆಯಲ್ಲಿ. ಬಾಗಿಲು ಎಳೆದುಕೊಂಡೆ. ಕೀಲಿ ಕಿಸೆಯಲ್ಲಿಯೇ ಉಳಿಯಿತು.

ದಂಡೆಯಲ್ಲಿ ನಿಂತಾಗ ಫೋನ್ ಬಡಿದುಕೊಂಡಿತು. ಚನ್ನಪ್ಪ. “ಹೆಗಡೇರ, ಇರ್ಫಾನ ಎಲ್ಲದಾನ್ರಿ? ವ್ಯಾನಿನಾಗ ಅದಾನೇನು?”

“ಇಲ್ಲೆ,” ಎಂದೆ. ಫೋನ್ ಇಟ್ಟೆ.

ಕನ್ನಡದ ಮಾಸ್ತರನಾದ್ದರಿಂದ ಇಲ್ಲಿ ಸ್ವಲ್ಪ ವ್ಯಾಕರಣ ಹೇಳಬೇಕು. ನಮ್ಮ ಮನೆಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಚನ್ನಪ್ಪನ ಮಾತಿನಲ್ಲಿ ‘ಇಲ್ಲೇ’ ಎಂದರೆ ಇಲ್ಲಿಯೇ ಇದ್ದಾನೆ. ಅವನೊಡನೆ ನಾನು ಸದಾ ಪುಸ್ತಕದ ಕನ್ನಡ ಆಡುತ್ತಿದ್ದೆ. ಸಿಕ್ಕಿಬಿದ್ದವನ ಗಾಬರಿಯಲ್ಲಿ ಮನೆಮಾತು ಬಾಯಿಗೆ ಬಂತು.

ನಾನು ಮರಳಿದಾಗ ಮೂವರೂ ವ್ಯಾನಿನ ಮುಂದೆ ನಿಂತಿದ್ದರು. ಒಳಗೆ ಬಿಟ್ಟು ಹೋಗಿದ್ದ ಚನ್ನಪ್ಪನ ಬಗಲಚೀಲ ಇರಲಿಲ್ಲ. ಸರ ಅದರೊಳಗಿತ್ತು.

“ನಾ ಬಂದಾಗ ಬಾಗ್ಲು ತೆಗ್ದೇ ಇತ್ತು,” ಎಂದ ಇರ್ಫಾನ್. “ಒಳಗೆ ಯಾರೂ ಇರ್ಲಿಲ್ಲ.”

“ನೀ ಇಲ್ಲೇ ಇದ್ದಿ ಅಂತ ಹೆಗಡೇರು ಫೋನಿನಾಗ ಹೇಳ್ಯಾರ,” ಎಂದ ಚನ್ನಪ್ಪ.

ಎಲ್ಲರೂ ನನ್ನ ಕಡೆ ತಿರುಗಿದರು. ಒಂದೇ ವಾಕ್ಯ ಸಾಕಿತ್ತು — ಚನ್ನಪ್ಪಾ, ನಾನು ಹೇಳಿದ್ದು ಇಲ್ಲ ಎಂದು. ಆದರೆ ಅದರ ಬೆನ್ನಿಗೇ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ನೀವು ಎಲ್ಲಿದ್ದಿರಿ? ಮಗಳ ವಯಸ್ಸಿನವಳ ಎದುರಿಗೆ ಅದಕ್ಕೆ ಏನು ಹೇಳಲಿ...

“ನಾನು ಮೇಲಿನ ಹಾಸಿಗೆಯಲ್ಲಿ ಮಲಗಿದ್ದೆ. ಕಣ್ಣು ಹತ್ತಿತ್ತು. ಈಗಷ್ಟೇ ಎದ್ದು ಆ ಕಡೆ ಹೋಗಿ ಬಂದೆ,” ಎಂದೆ.

ಇರ್ಫಾನ್ ನನ್ನ ಕಾಲು ನೋಡಿದ. ಚಪ್ಪಲಿಯ ತುಂಬ ಒದ್ದೆ ಮರಳು.

“ನಾ ಬಂದಾಗ ನೀವು ಒಳಗೆ ಇರ್ಲಿಲ್ಲ ಸರ್,” ಎಂದನಷ್ಟೆ.

“ಹಿರ್ಯಾರು ಸುಳ್ಳು ಹೇಳಾಕತ್ತಾರೇನು ಹಂಗಾರ?” ಎಂದ ಚನ್ನಪ್ಪ.

ಗಿರಿಜಾ ಅಪ್ಪನ ಜೊತೆ ಜಗಳವಾಡಿದಳು. ವಾರವೆಲ್ಲ ಕೂಡಿಟ್ಟದ್ದನ್ನು ಆಡಿ ಮುಗಿಸಿದಳು. ಆಮೇಲೆ ನನ್ನ ಹತ್ತಿರ ಬಂದಳು. ಅವಳಿಗೆ ಅಕ್ಷರ ತಿದ್ದಿಸಿದವನು ನಾನು. “ಕಾಕಾ, ನೀವರ ಹೇಳ್ರಿ. ಖರೇನ ಒಳಗ ಇದ್ರೇನು?”

“ಹೂಂ,” ಎಂದೆ.

ಅಷ್ಟೇ. ನಾನು ಒಳಗೇ ಇದ್ದೆ ಎಂದ ಮೇಲೆ ಹೊರಗಿನ ಕಳ್ಳನಿಗೆ ಜಾಗವಿಲ್ಲ, ಉಳಿದವನು ಇರ್ಫಾನ್ ಒಬ್ಬನೇ. ಅವಳು ಅವನ ಮುಖ ನೋಡಿದಳು. ಆ ನೋಟದಲ್ಲಿ ಇದ್ದದ್ದು ಸಿಟ್ಟಾಗಿದ್ದರೆ ಹೋಗುತ್ತಿತ್ತು. ಅದು ಅನುಮಾನವಾಗಿತ್ತು. ಅವನಿಗೆ ಅದು ತಿಳಿಯಿತು. ಗಡಿ ದಾಟಿ ವಾಪಸು ಬರುವವರೆಗೂ ಅವನೇ ಗಾಡಿ ಹೊಡೆದ. ನನ್ನ ಪಾತ್ರೆಯಲ್ಲಿ ಚಹಾ ಮಾಡಿಕೊಟ್ಟ. ನಾನು ಕುಡಿದೆ. ಗಿರಿಜಾ ಇದ್ದ ಊರು ಮುಟ್ಟಿದ ಮೇಲೆ ವ್ಯಾನಿನ ಕೀಲಿಯನ್ನು ಅವಳ ಕೈಗಿಟ್ಟು ನಡೆದ.

ಚನ್ನಪ್ಪ ಮದುವೆಗೆ ಒಪ್ಪಲಿಲ್ಲ. ಒಪ್ಪದೆಯೇ ಆಗುತ್ತೇನೆ ಎಂಬ ಹಟ ಗಿರಿಜಾಳಲ್ಲೂ ಉಳಿದಿರಲಿಲ್ಲ. ನಾನು ಇಸಳೂರಿನ ಹೊಸ ಮನೆಗೆ ಬಂದು ಗಿಡಕ್ಕೆ ನೀರು ಹಾಕುತ್ತ, ಕೇಳಿದವರಿಗೆ ಆ ಚರ್ಚಿನ ವರ್ಣನೆ ಹೇಳುತ್ತ ಇದ್ದೆ. ಚರ್ಚು ನಾನು ನೋಡಿರಲೇ ಇಲ್ಲ.

ಈ ಬೇಸಿಗೆಯಲ್ಲಿ ಬನವಾಸಿಯ ಬಸ್ಸು ಹತ್ತಿದೆ. ಯಾಕೆ ಈಗ ಎಂದು ಕೇಳಿದರೆ, ಹಸಿವಾಯಿತು ಎಂದೇ ಇಟ್ಟುಕೊಳ್ಳಿ. ಚನ್ನಪ್ಪ ಕಟ್ಟೆಯ ಮೇಲೆ ಕೂತು ಅನಾನಸು ಹೆಚ್ಚುತ್ತಿದ್ದ. ನಾನು ದಂಡೆಯಿಂದ ಶುರು ಮಾಡಿ, ಮರಳಿನವರೆಗೆ ಎಲ್ಲ ಹೇಳಿದೆ. ‘ಇಲ್ಲೆ’ಯ ವ್ಯಾಕರಣವನ್ನೂ ಬಿಡಿಸಿ ಹೇಳಿದೆ. ಅವನು ಬೈಯಬಹುದು, ಚಾಕು ಬೇರೆ ಕೈಯಲ್ಲಿದೆ ಎಂದುಕೊಂಡಿದ್ದೆ.

ಅವನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ‘ಇಲ್ಲೆ’ ನನಗ ತಿಳಿಯಂಗಿಲ್ಲೇನ್ರಿ, ಹೆಗಡೇರ? ನಿಮ್ಮ ಮನಿಯವ್ರು ಗ್ವಾಡಿ ಆಚೆ ದಿನಾ ಅಂತಿದ್ರು — ಹಾಲು ಇಲ್ಲೆ, ಸಕ್ಕರಿ ಇಲ್ಲೆ. ಕೇಳಿ ಕೇಳಿ ನನಗ ಬಾಯಿಪಾಠ ಆಗಿತ್ತು.”

ಅವನು ಇನ್ನೊಂದು ಹೋಳು ಹೆಚ್ಚಿದ.

“ಹೂಂ ಅನ್ನಾಕ ಅಂತಾನ ಬಂದಿದ್ದೆ,” ಎಂದ. “ಹುಡುಗ ಚಲೋ ಇದ್ದ. ಆದ್ರ ಬಾಯಿ ಏಳಲಿಲ್ಲ. ಊರಾಗಿನ ಮಂದಿ, ಬೀಗರು-ಬಿಜ್ಜರು... ನೀವು ಒಂದು ನೆವ ಕೊಟ್ರಿ. ನಾ ತಗೊಂಡೆ.” ಒಂದು ಹೋಳನ್ನು ನನ್ನ ಮುಂದೆ ಸರಿಸಿದ. “ತಿನ್ರಿ.”

ತಿಂದೆ. ಅವನಿಗೆ ಗೊತ್ತಿತ್ತು ಎಂಬುದರಿಂದ ನನ್ನ ಭಾರ ಅರ್ಧವಾಯಿತೇ ಎಂದು ಬಸ್ಸಿನಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡಿದೆ. ಆಗಲಿಲ್ಲ. ಅಪ್ಪನ ಮಾತನ್ನು ಗಿರಿಜಾ ಅಂದೇ ತಳ್ಳಿಹಾಕಿದ್ದಳು. ಅವಳು ನಂಬಿದ್ದು ನನ್ನ ಹೂಂ ಅನ್ನು.

ಮರುದಿನ ಅವಳಿಗೆ ಫೋನ್ ಮಾಡಿದೆ. ಚನ್ನಪ್ಪನ ಪಾಲು ಅವನೇ ಹೇಳಲಿ ಎಂದು ಬಿಟ್ಟು, ನನ್ನದನ್ನು ಪೂರ್ತಿ ಹೇಳಿದೆ. ಮುಗಿದ ಮೇಲೆ, “ಇರ್ಫಾನಗ ಹೇಳೀರೇನು?” ಎಂದಳು.

ಹೇಳಿದ್ದೇನೆ ಎಂದೆ. ಬೆಳಿಗ್ಗೆಯೇ ಅವನಿಗೂ ಮಾಡಿದ್ದೆ. ಕೇಳಿ, “ಆಯ್ತು ಸರ್,” ಎಂದು ಇಟ್ಟಿದ್ದ.

ಇರ್ಫಾನನ ಮದುವೆ ಹೋದ ವರ್ಷ ಹುಬ್ಬಳ್ಳಿಯಲ್ಲಿ ಆಗಿದೆ.