ದಿಂಬಿಗೆ ಎರಡು ಹನಿ

ಗೆಳತಿಯರೇ, ಹೆರಿಗೆಯಾಗಿ ಇಪ್ಪತ್ತೆರಡು ದಿನಕ್ಕೆ ಇವತ್ತು ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದೆ. ಹೇಗೆಂದು ಕೇಳಿ.

ನನಗೆ ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ತಿಳಿದು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನನ್ನ ಪಕ್ಕ ಕೂತು ಹೊಲಿಯುತ್ತಿದ್ದ ಗೆಳತಿ ಲ್ಯಾವೆಂಡರ್ ಹೂವಿನ ಎಣ್ಣೆಯ ಸಣ್ಣ ಸೀಸೆ ಕಳಿಸಿದ್ದಳು. ನಿದ್ದೆ ಬರಲು ದಿಂಬಿಗೆ ಎರಡು ಹನಿ ಸಾಕಂತೆ. ಮುಚ್ಚಳ ತೆಗೆಯುವಷ್ಟರಲ್ಲಿ ಅಮ್ಮ ಸೀಸೆ ಕಸಿದುಕೊಂಡಳು.

"ಬಾಣಂತಿ ಮೂಗಿಗೆ ಸೆಂಟಿನ ವಾಸ್ನಿ ಬಡೀಬಾರ್ದವಾ!"

ಹೀಗೆಂದವಳ ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಕಾರುವ ಕೆಂಡದ ಬಟ್ಟಲು.

ಸೀಸೆ ಪಕ್ಕದ ಕೋಣೆಯಲ್ಲಿ ಅಪ್ಪನ ಹೊಲಿಗೆ ಮಷಿನ್ ಮೇಲೆ ಹೋಗಿ ಕೂತಿತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಮನೆಯಲ್ಲಿ ಮಷಿನ್ ಮೇಲಿರುವ ಸಣ್ಣ ಸೀಸೆಯೆಂದರೆ ಮಷಿನ್ ಎಣ್ಣೆಯೇ. ಅಪ್ಪ ಮಷಿನ್ನಿಗೆ ಎಣ್ಣೆ ಬಿಡುವ ಎಲ್ಲ ತೂತಿಗೂ ಅದನ್ನೇ ಧಾರಾಳವಾಗಿ ಬಿಟ್ಟ. ನಾಲ್ಕು ಪ್ಯಾಂಟು ಆಗುವಷ್ಟರಲ್ಲಿ ಮಷಿನ್ ಕಿರ್ರೆಂದು ಬಿಗಿದು ನಿಂತಿತು.

"ಯಾಕ ಹಿಂಗಾತು? ಎಣ್ಣಿ ಈಗಿನ್ನ ಹಾಕೀನಲ್ಲ!" ಎಂದು ಮೂಸಿ ನೋಡಿದ. "ಇದೇನಿದು, ಹೂವಿನ ವಾಸ್ನಿ ಬರ್ತೈತಿ!"

ಮೆಕ್ಯಾನಿಕ್ ಬಂದದ್ದು ಸಂಜೆಗೆ. ಅಲ್ಲಿಯವರೆಗೆ ದಿನವಿಡೀ ಕೇಳುವ ಗೋಡೆಯಾಚೆಯ ಗಡಗಡ ಸದ್ದಿಲ್ಲ. ಕೂಸೂ ಮಲಗಿತು, ನಾನೂ ಮಲಗಿದೆ.

ನಿದ್ದೆಗೆ ಈ ಎಣ್ಣೆ ಖಂಡಿತ ಒಳ್ಳೆಯದು. ಆದರೆ ದಿಂಬಿಗಲ್ಲ, ಅಪ್ಪನ ಮಷಿನ್ನಿಗೆ ಹಾಕಬೇಕು.