ಅಮ್ಮ ಬಿಟ್ಟು ಬರಲೊಪ್ಪದ ಮರದ ಹೋಟೆಲು

ಡೊಂಬಿವಲಿಯ ನಮ್ಮ ಬಿಲ್ಡಿಂಗ್ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿ, ನಾನೂ ಅಮ್ಮನೂ ನೆರೂಳದಲ್ಲಿ ಬಾಡಿಗೆಗಿದ್ದ ವರ್ಷ ಅದು. ನಮ್ಮ ಉಡುಪಿ ಕಡೆಯ ಕೆಲವು ಸಂಸಾರಗಳು ಸೇರಿ ಟರ್ಕಿ ಟೂರಿಗೆ ಹೊರಟಾಗ ಅಮ್ಮನನ್ನೂ ಹೊರಡಿಸಿದೆ. ಗುಂಪಿನ ಜೊತೆ ನಮ್ಮವರೇ ಅಡುಗೆಯವರು ಬರುತ್ತಾರೆಂದು ಕೇಳಿದ ಮೇಲೆಯೇ ಅವಳು ಒಪ್ಪಿದ್ದು.

ಇಸ್ತಾಂಬುಲ್ ತಲುಪಿದ ಸಂಜೆ ದೊಡ್ಡ ಹೋಟೆಲಿನಲ್ಲಿ ಒಂದು ಕೋಣೆ ಕಡಿಮೆ ಬಿತ್ತು. ಡೊಂಬಿವಲಿ ಪಕ್ಕದ ಕಲ್ಯಾಣದವನಾದ ಟೂರ್ ಮ್ಯಾನೇಜರ್ ನಮ್ಮ ಬಳಿ ಬಂದ.

"ಆಂಟಿ, ಎರಡು ದಿನ ಅಡ್ಜಸ್ಟ್ ಮಾಡ್ಕೊಳ್ಳಿ. ಪಕ್ಕದ ಗಲ್ಲಿಯಲ್ಲೇ ಇನ್ನೊಂದು ಹೋಟೆಲ್ ಇದೆ. ಛೋಟಾ ಹೈ, ಆದ್ರೆ ಏಕ್‌ದಮ್ ಸ್ಟೈಲಿಶ್."

ಗುಂಪಿನಿಂದ ಬೇರೆಯಾದ ಬೇಸರಕ್ಕೆ ಅಮ್ಮ ದಾರಿಯುದ್ದಕ್ಕೂ ಹಿಂದಿರುಗಿ ದೊಡ್ಡ ಹೋಟೆಲನ್ನೇ ನೋಡುತ್ತ ನಡೆದಳು.

ಅದು ಹಿಂದೆ ಹಡಗಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಮರದ ಮನೆ. ಬೀದಿಯ ಮೇಲಕ್ಕೆ ಚಾಚಿಕೊಂಡ ಕಿಟಕಿಗಳು, ಪಾಲಿಶಿನಲ್ಲಿ ಮಿನುಗುವ ಮೆಟ್ಟಿಲು, ಕಡುನೀಲಿ ಗೋಡೆಗಳು. ನಮ್ಮ ಕೋಣೆಯಲ್ಲಿ ಒಂದು ಕಡೆ ಮಾತ್ರ ಹಳೆಯ ಇಟ್ಟಿಗೆಯನ್ನು ಹಾಗೆಯೇ ಬಿಟ್ಟು, ಮೇಲೆ ಗಾಜು ಕೂರಿಸಿದ್ದರು.

"ಇಷ್ಟು ಖರ್ಚು ಮಾಡಿ ಇಲ್ಲಿ ಪ್ಲಾಸ್ಟರ್ ಹಾಕ್ಲಿಕ್ಕೆ ಮರೆತದ್ದಾ?" ಎಂದಳು ಅಮ್ಮ.

"ಬೇಕಂತಲೇ ಬಿಟ್ಟದ್ದು. ನೂರು ವರ್ಷದ ಗೋಡೆಯಂತೆ."

ಅಮ್ಮ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. "ನಮ್ಮದಕ್ಕೆ ಮೂವತ್ತಾಗುವಾಗಲೇ ಬಿಲ್ಡರ್ ಕೆಡವಿದ. ಅವನನ್ನು ಇಲ್ಲಿಗೆ ಕರ್ಕೊಂಡು ಬರ್ಬೇಕಿತ್ತು."

ಬೆಳಿಗ್ಗೆ ಎದ್ದಾಗ ಅವಳ ಹಾಸಿಗೆ ಖಾಲಿ. ಗಾಬರಿಯಾಗಿ ಹುಡುಕುತ್ತ ತಾರಸಿಗೆ ಹೋದರೆ, ತಲೆಗೆ ಬಟ್ಟೆ ಕಟ್ಟಿಕೊಂಡ ಮುದುಕಿಯೊಬ್ಬರ ಪಕ್ಕದಲ್ಲಿ ಕೂತು ಕೆಂಪು ಮೆಣಸನ್ನು ದಾರಕ್ಕೆ ಪೋಣಿಸುತ್ತಿದ್ದಳು. ಅಮ್ಮ ಬುಟ್ಟಿಯೊಂದನ್ನು ತೋರಿಸಿ ತುಳುವಿನಲ್ಲಿ "ಉಂದು ದಾದ?" ಎಂದು, ಇದೇನೆಂದು ಕೇಳುವುದು, ಅವರು ಟರ್ಕಿ ಭಾಷೆಯಲ್ಲಿ ಉದ್ದಕ್ಕೆ ವಿವರಿಸುವುದು, ಇವಳು ಹೌದು ಹೌದೆಂದು ತಲೆಯಾಡಿಸುವುದು.

"ಹೋಟೆಲ್ ನಡೆಸುವುದು ಇವರ ಮಗಳಂತೆ. ಇವರಿಗೆ ಮೊಣಕಾಲು ನೋವಂತೆ. ಅಳಿಯ ಅಷ್ಟಕ್ಕಷ್ಟೆ," ಎಂದಳು ಅಮ್ಮ.

"ನಿಂಗೆ ಹೇಗೆ ಗೊತ್ತಾಯ್ತು?"

"ಅವರೇ ಹೇಳಿದ್ರಲ್ಲ."

ತಿಂಡಿಯ ಹೊತ್ತಿಗೆ ಇಂಗ್ಲಿಷ್ ಬಲ್ಲ ಆ ಮಗಳನ್ನೇ ವಿಚಾರಿಸಿದೆ. ಮೊದಲಿನ ಎರಡೂ ನಿಜವಾಗಿದ್ದವು. ಗಂಡನ ವಿಷಯಕ್ಕೆ ಮಾತ್ರ ಆಕೆ ನಕ್ಕು, ಚಹಾ ತರಲು ಒಳಗೆ ಹೋದಳು.

ಎರಡು ದಿನ ಕಳೆದು ಮ್ಯಾನೇಜರ್ ಓಡೋಡಿ ಬಂದ. "ಆಂಟಿ, ರೂಮ್ ಮಿಲ್ ಗಯಾ. ಬ್ಯಾಗ್ ತೆಗೀರಿ."

"ನಾನು ಬರುದಿಲ್ಲ. ಮೆಣಸು ಇನ್ನೂ ಒಣಗ್ಲಿಲ್ಲ."

"ಅಲ್ಲಿ ದಿನಾ ಉಪ್ಪಿಟ್ಟು ಇದೆ, ಆಂಟಿ."

"ಅದು ನೆರೂಳದಲ್ಲೂ ಸಿಗ್ತದೆ."

ಅವನು ನನ್ನ ಮುಖ ನೋಡಿದ. ನಾನು ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದೆ. ನಾವು ಅಲ್ಲೇ ಉಳಿದೆವು.

ಕೊನೆಯ ಸಂಜೆ, ಅಮ್ಮ ಎಲ್ಲಿ ಅಡಗಿ ಕೂತಿದ್ದಾಳೆಂದು ನೋಡಲು ಇಡೀ ಗುಂಪೇ ಬಂತು. ಅಮ್ಮ ಮನೆಯೊಡತಿಯ ಗತ್ತಿನಲ್ಲಿ ಎಲ್ಲರನ್ನೂ ಕೋಣೆ ಕೋಣೆಗೆ ಸುತ್ತಿಸಿ, ಗಾಜಿನ ಹಿಂದಿನ ಇಟ್ಟಿಗೆಗಳ ಮಹಿಮೆ ಬಣ್ಣಿಸಿದಳು. ತಾರಸಿಯಲ್ಲಿ ಮುದುಕಿ ತಾವೇ ನಿಂತು ಎಲ್ಲರಿಗೂ ಚಹಾ ಹಂಚಿಸಿದರು. ಬಸ್ಸು ಎರಡು ಸಲ ಹಾರ್ನ್ ಹೊಡೆದ ಮೇಲೂ ಇಬ್ಬರೂ ಕೈ ಹಿಡಿದುಕೊಂಡು, ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದರು.