ಅನುಮಾನದ ನರ್ಸಮ್ಮ

ಕಾರಣವಿಲ್ಲದೆ ನಗುವವರನ್ನು ಕಂಡರೆ ನನಗೆ ಅನುಮಾನ. ಪೋಸ್ಟರಿನಲ್ಲಿ ನಗುವವರನ್ನು ಕಂಡರಂತೂ ಇನ್ನೂ ಅನುಮಾನ. ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬಿಳಿ ಕೋಟು ತೊಟ್ಟ ಹುಡುಗಿಯೊಬ್ಬಳು ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು, ಮೂವತ್ತೆರಡೂ ಹಲ್ಲು ತೋರಿಸುತ್ತ, ‘ನರ್ಸಿಂಗ್ ಸೇರಿ, ನೂರಕ್ಕೆ ನೂರು ಉದ್ಯೋಗ’ ಎಂದು ಕರೆಯುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ಕಂಡ ಯಾವ ನರ್ಸೂ ಹಾಗೆ ನಕ್ಕಿದ್ದಿಲ್ಲ. ಅವರಿಗೆ ಪುರುಸೊತ್ತಾದರೂ ಎಲ್ಲಿ? ಇವಳು ನರ್ಸೇ ಅಲ್ಲ ಎಂದು ನಿಂತಲ್ಲೇ ತೀರ್ಮಾನ ಮಾಡಿದೆ. ಆದರೂ ಫೋನ್ ನಂಬರು ಬರೆದುಕೊಂಡೆ.

ಯಾಕೆಂದರೆ ನನಗೆ ನಿಜಕ್ಕೂ ನರ್ಸ್ ಆಗಬೇಕಿತ್ತು. ಪಿಯುಸಿ ಮುಗಿಸಿ, ಮದುವೆಯಾಗಿ, ಹದಿನಾಲ್ಕು ವರ್ಷ ಮಗ್ಗದ ಮನೆಯಲ್ಲಿ ಲಾಳಿಗೆ ರೇಷ್ಮೆ ಸುತ್ತಿಕೊಟ್ಟ ಮೇಲೆ ಹುಟ್ಟಿದ ಆಸೆ ಅದು. ಸೇರಲು ವಯಸ್ಸಿನ ಮಿತಿ ದಾಟುವುದಕ್ಕೆ ಒಂದೇ ವರ್ಷ ಉಳಿದಿತ್ತು. ತಪ್ಪು ಕಾಲೇಜಿಗೆ ಬಿದ್ದರೆ ಎದ್ದು ಇನ್ನೊಂದಕ್ಕೆ ಹೋಗುವ ಹಾಗಿರಲಿಲ್ಲ. ನಮ್ಮ ಯಜಮಾನರು, “ಯಾವ್ದಾದ್ರೇನು, ಎಲ್ಲಾ ಒಂದೇ ಸೂಜಿ” ಅಂದರು. ಮಗ್ಗದವರ ಬಾಯಲ್ಲಿ ಬರುವ ಮಾತೇ ಅದು? ಪೇಟೆಯವರು ಸೀರೆಯ ಮುಖ ನೋಡಿ ಮರುಳಾಗುತ್ತಾರೆ. ನಮ್ಮವರು ಸೆರಗು ತಿರುವಿ ಬೆನ್ನು ನೋಡುತ್ತಾರೆ. ಮುಂದೆ ನವಿಲು ಕುಣಿಯುತ್ತಿದ್ದರೂ ಹಿಂದೆ ದಾರ ಜೋತಾಡುತ್ತಿದ್ದರೆ ಆ ಸೀರೆ ಬಾಳುವುದಿಲ್ಲ. ಕಾಲೇಜುಗಳ ಬೆನ್ನು ನೋಡಲು ನಾನು ಹೊರಟೆ.

ಮೊದಲನೆಯದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿದ್ದ ಮನುಷ್ಯ ನಾನು ಕೂರುವ ಮೊದಲೇ, “ಅಟೆಂಡೆನ್ಸ್ ಬಗ್ಗೆ ತಲೆ ಕೆಡಿಸ್ಕಾಬ್ಯಾಡ್ರಿ ಮೇಡಂ, ಪರೀಕ್ಷೆಗೆ ಬಂದ್ರೆ ಸಾಕು” ಅಂದ.

“ಮತ್ತೆ ಇಂಜೆಕ್ಷನ್ ಕೊಡೋದು ಯಾವಾಗ ಕಲಿಸ್ತೀರ್ರಿ?”

“ಅದು ಕೆಲಸಕ್ಕೆ ಸೇರಿದ ಮ್ಯಾಲೆ ತಾನೇ ಬರ್ತೈತೆ.”

ಯಾರ ತೋಳಿನ ಮೇಲೆ ತಾನೇ ಬರುತ್ತದೆ ಎಂದು ಕೇಳಬೇಕೆನಿಸಿತು. ಸುಮ್ಮನೆ ಅವನ ತೋಳನ್ನೊಮ್ಮೆ ನೋಡಿ ಎದ್ದು ಬಂದೆ. ಎರಡನೆಯ ಕಾಲೇಜಿನಲ್ಲಿ ಕಲಿಕೆಗೆಂದು ರಬ್ಬರಿನ ರೋಗಿಯೊಬ್ಬ ಮಂಚದ ಮೇಲೆ ಮಲಗಿದ್ದ. ಕಂಪನಿಯಿಂದ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಧೂಳು ಕೂರಬಾರದು ಅಂತ ಹಾಗೇ ಬಿಟ್ಟಿದ್ದೇವೆ ಎಂದರು. ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿದೆ. ಆ ಧೂಳಿನಲ್ಲಿ ನನ್ನ ಹೆಸರು, ನಮ್ಮಪ್ಪನ ಹೆಸರು ಎರಡನ್ನೂ ಬರೆಯಬಹುದಿತ್ತು.

ಮೂರನೆಯದು ಚಳ್ಳಕೆರೆಯಲ್ಲಿತ್ತು. ಅಲ್ಲಿನ ಪ್ರಿನ್ಸಿಪಾಲಮ್ಮ ನಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ, ಈಗ್ಯಾಕೆ ಬಂದಿರಿ, ರಕ್ತ ಕಂಡರೆ ತಲೆ ತಿರುಗುತ್ತದೆಯೇ, ಅತ್ತೆ ಕಾಯಿಲೆ ಬಿದ್ದರೆ ಅರ್ಧಕ್ಕೆ ಬಿಟ್ಟು ಹೋಗುತ್ತೀರೋ ಹೇಗೆ! ನನ್ನ ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ಹಿಂಬದಿಯನ್ನೂ ನೋಡಿ, “ಇದು ಒರಿಜಿನಲ್ಲೇ ತಾನೇ?” ಎಂದರು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನನ್ನ ಮೇಲೆ ಅನುಮಾನಪಟ್ಟ ಏಕೈಕ ಕಾಲೇಜು ಅದು. ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಪತ್ರವನ್ನು ನಾನೂ ಬೆಳಕಿಗೆ ಹಿಡಿದು ನೋಡಿದೆ, ವಿದ್ಯಾರ್ಥಿಗಳು ದಿನಾ ಯಾವ ಆಸ್ಪತ್ರೆಗೆ ಹೋಗುತ್ತಾರೆ ಎಂದು ವಿಚಾರಿಸಿದೆ, ಸೇರಿಬಿಟ್ಟೆ.

ಪಿಯುಸಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರು: ತರ್ಕಶಾಸ್ತ್ರದಲ್ಲಿ ‘ಅನುಮಾನ’ ಎಂದರೆ ಸಂಶಯವಲ್ಲ, ತಿಳಿವಳಿಕೆಯ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಅರಿಯುವುದು ಅನುಮಾನ. ಪಂಡಿತರ ಮನೆಯಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಆ ಪದದ ಬೆಂಕಿ ಆರಿ ಬರೀ ಹೊಗೆ ಉಳಿಯಿತೇನೋ. ಆದರೆ ನರ್ಸಿಂಗಿನಲ್ಲಿ ಅದಕ್ಕೆ ಹಳೆಯ ಮರ್ಯಾದೆ ಮರಳಿ ಸಿಕ್ಕಿತು. ಔಷಧಿಯ ಹೆಸರನ್ನು ಬಾಟಲಿ ತೆಗೆಯುವಾಗ ಓದಬೇಕು, ಅಳೆಯುವಾಗ ಓದಬೇಕು, ವಾಪಸ್ಸಿಡುವಾಗ ಮತ್ತೆ ಓದಬೇಕು. ರೋಗಿಯ ಹೆಸರು ಗೊತ್ತಿದ್ದರೂ ಪ್ರತಿ ಸಲ ಅವರ ಬಾಯಿಂದಲೇ ಕೇಳಬೇಕು. ‘ಗೊತ್ತು’ ಅಂದವಳೇ ಕೆಡುವುದು ಎನ್ನುತ್ತಿದ್ದರು ವಾರ್ಡ್ ಸಿಸ್ಟರ್. ಹುಟ್ಟಿದಾಗಿನಿಂದ ಬೈಸಿಕೊಂಡ ಗುಣಕ್ಕೆ ಅಲ್ಲಿ ಶಭಾಷ್‌ಗಿರಿ ಸಿಕ್ಕಿತು. ಮನೆಯಲ್ಲಿ ಉಪ್ಪಿನ ಡಬ್ಬಿಯನ್ನೂ ಮೂರು ಸಲ ಓದತೊಡಗಿದಾಗ ಮಾತ್ರ ಯಜಮಾನರು ಕೈಮುಗಿದರು.

ಇಷ್ಟು ಬೀಗಿದವಳು ಎರಡನೆಯ ವರ್ಷ ವಾರ್ಡಿನಲ್ಲಿ ಮಣ್ಣು ಮುಕ್ಕಿದೆ.

ಗೌರಸಮುದ್ರದ ಮಾರಮ್ಮ ಎಂಬ ಅಜ್ಜಿ ಶುಗರ್ ಏರಿ, ಪಾದದಲ್ಲಿ ಗಾಯವಾಗಿ ಬಂದು ಸೇರಿದ್ದಳು. ದಿನಾ ಗಾಯ ತೊಳೆದು ಔಷಧಿ ಹಚ್ಚಿ ಕಟ್ಟುವುದು ನನ್ನ ಪಾಲಿಗೆ ಬಂತು. ಮೂರ್ನಾಲ್ಕು ದಿನ ಕಳೆದ ಮೇಲೆ, ಆಕೆ ಪಕ್ಕದ ಮಂಚದ ತಿಪ್ಪಕ್ಕನ ಜೊತೆ ತೆಲುಗಿನಲ್ಲಿ ಹರಟುತ್ತಿದ್ದುದನ್ನು ಕೇಳಿ, ಆಹಾ ನಮ್ಮ ಭಾಷೆಯವಳು ಎಂದುಕೊಂಡೆ. ನಮ್ಮ ಮನೆಮಾತು ತೆಲುಗು. ಮೂರು ಸಲ ಓದುವವಳು ಇದನ್ನೊಂದು ಸಲವೂ ವಿಚಾರಿಸಲಿಲ್ಲ ನೋಡಿ! ಹೆಸರು ಕೇಳಿದೆ, ಮುಲಾಮು ಕೈಗೆತ್ತಿಕೊಂಡೆ, ಅಕ್ಕರೆಯಿಂದ, “ಮಂದು ಪೆಡ್ತಾ, ಉಂಡು” ಅಂದೆ.

ನಮ್ಮ ಮನೆಯ ತೆಲುಗಿನಲ್ಲಿ ಹಾಗೆಂದರೆ ‘ಔಷಧಿ ಹಚ್ಚುತ್ತೇನೆ, ಇರು’ ಅಷ್ಟೇ. ಆದರೆ ಅಜ್ಜಿಯ ಮನೆಮಾತು ಕನ್ನಡ. ತೆಲುಗು ನೆರೆಯವರಿಂದ ಕಲಿತದ್ದು. ‘ಮಂದು ಪೆಡ್ತಾ’ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಅರ್ಥವೂ ಇದೆ: ಮದ್ದು ಹಾಕುವುದು, ಅಂದರೆ ಊಟದಲ್ಲಿ ಏನನ್ನೋ ಕಲಸಿಕೊಟ್ಟು ಮನುಷ್ಯರನ್ನು ಕೆಡಿಸುವುದು. ಅದರ ಹಿಂದೆಯೇ ಬಂದ ‘ಉಂಡು’ ಅವಳ ಕನ್ನಡದ ಕಿವಿಗೆ ಊಟದ ಉಂಡು ಆಯಿತು. ಒಟ್ಟಿನಲ್ಲಿ, ಮದ್ದು ಹಾಕ್ತೀನಿ, ಉಣ್ಣು ಎಂದು ನಾನೇ ಒಪ್ಪಿಕೊಂಡ ಹಾಗಾಯಿತು.

ಅಜ್ಜಿ ಕಾಲೆಳೆದುಕೊಂಡಳು. “ಯಾರೇ ನೀನು? ನನ್ನ ಸೊಸೆ ಕಳಿಸಿದ್ಲಾ? ಅದುಕ್ಕೇ ದಿನಾ ಹೆಸರು ಕೇಳ್ತೀಯಾ, ಮಾಟಕ್ಕೆ?”

ನಾನು ಬಿಡಿಸಿ ಹೇಳಿದಷ್ಟೂ ಕೆಟ್ಟಿತು. ಅವತ್ತು ಗಾಯ ಮುಟ್ಟಿಸಿಕೊಳ್ಳಲಿಲ್ಲ, ಮಾತ್ರೆ ಉಗಿದಳು, ಆಸ್ಪತ್ರೆಯ ಅನ್ನ ಬೇಡವೆಂದಳು. ಮರುದಿನ ಬೆಳಿಗ್ಗೆ ಗಂಟು ಕಟ್ಟುತ್ತಿದ್ದಳು. ಹೊಟ್ಟೆಯಿಂದ ಮದ್ದು ತೆಗೆಯುವವನ ಹತ್ತಿರ ಹೋಗುತ್ತಾಳಂತೆ. ವಾರ್ಡ್ ಸಿಸ್ಟರ್ ನನ್ನನ್ನು ಮೂಲೆಗೆ ಕರೆದು, “ಆಯಮ್ಮ ಈಗ ಎದ್ದೋದ್ರೆ ಕಾಲು ಕತ್ತರಿಸ್ಬೇಕಾಗ್ತೈತೆ. ನಿನ್ ಮಾತಿನಿಂದ ಆಗಿದ್ದು, ನೀನೇ ಸರಿಮಾಡು” ಎಂದರು. ಕಾಲೇಜು, ಪರೀಕ್ಷೆ ಎಲ್ಲ ಮರೆತುಹೋಗಿ ಆ ಒಂದು ಪಾದ ಮಾತ್ರ ಕಣ್ಣ ಮುಂದಿತ್ತು. ಅಳುವೂ ಬಂತು.

‘ನನ್ನನ್ನು ನಂಬಿ ಅಜ್ಜಿ’ ಎಂದು ಹೇಳಲು ಹೋದೆ, ನಾಲಿಗೆ ಏಳಲಿಲ್ಲ. ಹಾಗೆಂದವರನ್ನು ನಾನೇ ಯಾವತ್ತೂ ನಂಬಿಲ್ಲವಲ್ಲ!

“ಅಜ್ಜಿ, ನನ್ನ ನಂಬಬ್ಯಾಡ್ರಿ” ಅಂದೆ. ಗಂಟು ಕಟ್ಟುತ್ತಿದ್ದ ಕೈ ನಿಂತಿತು. “ಹೊಸ ಮುಲಾಮು ತಂದೀನಿ, ಸೀಲು ನೀವೇ ಒಡೀರಿ. ನಾನು ಕೈ ತೊಳೆಯೋದ್ನ ನಿಂತು ನೋಡ್ರಿ. ತಪ್ಪು ಕಂಡ್ರೆ ಕೂಗಾಡ್ರಿ.”

ಅಜ್ಜಿ ಸೀಲು ಒಡೆದಳು, ಮೂಸಿದಳು, ತಿಪ್ಪಕ್ಕನಿಗೂ ಮೂಸಿಸಿದಳು. “ಮೊದ್ಲು ನೀನು ಹಚ್ಕ” ಅಂದಳು. ಹಚ್ಚಿಕೊಂಡೆ. ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತ ಕೂತಳು, ಕೈ ಕೊಳೆತು ಬೀಳಲಿಲ್ಲ. ಆಮೇಲೆ ಇನ್ನೊಂದು ಅನುಮಾನ ತೆಗೆದಳು: “ಹೆಸರು ಯಾಕೆ ಕೇಳೋದು?”

“ಈ ವಾರ್ಡಲ್ಲಿ ಮೂರು ಜನ ಮಾರಮ್ಮ ಇದೀರಿ. ಅವರ ಸೂಜಿ ನಿಮಗೆ ಚುಚ್ಚಿಬಿಟ್ರೆ?”

ಅಜ್ಜಿ ದಂಗಾಗಿ ಸುತ್ತ ನೋಡಿದಳು. ಇಷ್ಟು ದೊಡ್ಡ ಅಪಾಯ ಅವಳಿಗೇ ಹೊಳೆದಿರಲಿಲ್ಲ. “ಹಂಗಾರೆ ದಿನಾ ಕೇಳು ಮತ್ತೆ” ಎಂದು ಕಾಲು ಚಾಚಿದಳು.

ಅಂದಿನಿಂದ ಆ ವಾರ್ಡಿಗೆ ನಿಜವಾದ ಸೂಪರ್‌ವೈಸರು ಮಾರಮ್ಮಜ್ಜಿಯೇ. ಡಾಕ್ಟರು ರೌಂಡ್ಸಿಗೆ ಬಂದರೆ, “ಕೈ ತೊಳಕಂಡ್ರೇನ್ರಿ?” ಎನ್ನುವಳು. ನನಗೋ ಕಟ್ಟು ಕಟ್ಟಿದ ಮೇಲೂ ಬಿಚ್ಚಿ ತೋರಿಸು ಎನ್ನುವಳು. ಹೀಗೆ ಅವಳು ನನ್ನನ್ನು ಒಂದು ದಿನವೂ ನಂಬದೆ, ನಾನು ಅವಳ ಶುಗರನ್ನು ಒಂದು ದಿನವೂ ನಂಬದೆ, ಗಾಯ ಮಾಗುತ್ತ ಬಂತು.

ಅಜ್ಜಿ ಮನೆಗೆ ಹೋದ ಮೇಲೆ ವಾರಕ್ಕೊಮ್ಮೆ ಡ್ರೆಸ್ಸಿಂಗಿಗೆ ಬರಬೇಕಿತ್ತು. ಮೊದಲ ವಾರ ನಾನು ಬೇರೆ ರೋಗಿಯ ಹತ್ತಿರ ಇದ್ದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಚೆಂದ ನಗುತ್ತ, “ಭಯ ಪಡಬೇಡಿ ಅಜ್ಜಿ, ನಾನಿದ್ದೀನಿ” ಎಂದು ಹೋದಳು. ಅಜ್ಜಿ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

“ನೀನು ಬ್ಯಾಡ. ಆ ಅನುಮಾನದ ನರ್ಸಮ್ಮನ್ನ ಕರಿ.”

ಹೋದೆ. ಅವಳು ನೋಡುವಂತೆ ಕೈ ತೊಳೆದೆ. ಚೀಟಿ ತೆಗೆದು, ಹೆಸರು, ಊರು ಕೇಳಿದೆ.

“ಮಾರಮ್ಮ. ಗೌರಸಮುದ್ರ. ಎರಡೂ ಕಾಲು ಅವೆ, ಬರ್ಕ.”

ಬರೆದುಕೊಂಡೆ. ಬರೆಯುವ ಮೊದಲು ಬಗ್ಗಿ ಒಂದು ಸಲ ಎಣಿಸಿದೆ.